ಹನ್ನೆರಡು ಕುರಿಗಳ ಆಟ

ಖಾನಾಪುರದಿಂದ ಬಂದ ಇನ್‌ಲೆಂಡ್ ಪತ್ರವನ್ನು ನೀಲಾ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ, ಎರಡು ಕಪಾಟುಗಳ ಸಂದಿಯಲ್ಲಿ ನಿಂತು ಓದಿದಳು. ಮೊದಲ ಓದಿಗೆ ಹಿಗ್ಗಾಯಿತು. ಎರಡನೆಯ ಸಲ ಓದುವಾಗ ಕೊನೆಯ ಸಾಲಿಗೆ ಬಂದು ಅಳುಕಿದಳು.

ಪತ್ರ ಬರೆದವಳು ಮರಿಯಮ, ಕಂಪ್ಯೂಟರ್ ಆಟ ಮಾಡುವ ಬಗರಿ ಸ್ಟುಡಿಯೋದವಳು. ‘ಕೋಟೆ ಕಾಳಗದ ಎರಡನೇ ಭಾಗ ನಾವು ಮಾಡುತ್ತಿಲ್ಲ. ಬೇರೆ ಒಂದು ಸಣ್ಣ ಆಟ ಮಾಡಿದ್ದೇವೆ. ಹೊರಗಿನವರು ಯಾರೂ ಇನ್ನೂ ನೋಡಿಲ್ಲ. ಮೊದಲು ನೀವು ನೋಡಬೇಕು ಅಂತ ನನಗೂ ತಮ್ಮನಿಗೂ ಆಸೆ. ಬರುವ ರವಿವಾರ ಬರ್ರಿ. ಕಂಡದ್ದನ್ನು ಕಂಡಂತೆ ಹೇಳಬೇಕು.’

ಕಂಡದ್ದನ್ನು ಕಂಡಂತೆ ಹೇಳುವುದು ನೀಲಾಳಿಗೆ ಎಂದೂ ಸುಲಭವಾಗಿರಲಿಲ್ಲ. ಗ್ಯಾಸ್ ಬಂದ್ ಮಾಡಿದ ಮೇಲೂ ಹೊಸ್ತಿಲಿನಿಂದ ಮರಳಿ ಬಂದು ನೋಡುವ ಸ್ವಭಾವ ಅವಳದು. ನೆಹರು ನಗರದ ಆ ದೊಡ್ಡ ಆಸ್ಪತ್ರೆಯಲ್ಲಿ ರೋಗಿಗಳ ಹಳೆಯ ಫೈಲು ಹುಡುಕಿಕೊಡುವ ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಗಿತ್ತು. ಫೈಲು ಕೈಯಿಂದ ದಾಟಿದ ಮೇಲೂ ಬೇರೆಯವರದು ಕೊಟ್ಟೆನೇನೋ ಎಂಬ ಅನುಮಾನ ಸಂಜೆಯವರೆಗೆ ಅವಳನ್ನು ಬಿಡುತ್ತಿರಲಿಲ್ಲ.

ಆಟದ ಹುಚ್ಚು ಹತ್ತಿದ್ದು ಕಾಲು ಮುರಿದಾಗ. ಎರಡು ವರ್ಷದ ಹಿಂದೆ ಬಸ್ಸಿನ ಮೆಟ್ಟಿಲಿಂದ ಜಾರಿ ಬಿದ್ದು, ಹತ್ತು ವಾರ ಪ್ಲಾಸ್ಟರ್ ಹಾಕಿಕೊಂಡು ಮಹಾಂತೇಶ ನಗರದಲ್ಲಿ ಅಣ್ಣ ಮುತ್ತಪ್ಪನ ಮನೆಯಲ್ಲಿ ಕುಳಿತಿದ್ದಳು. ಅವಳು ಇದ್ದದ್ದೂ ಅಲ್ಲಿಯೇ. ಮುತ್ತಪ್ಪ ಮನೆಯ ಮುಂದಿನ ಕೋಣೆಯಲ್ಲಿ ಲಗ್ನಪತ್ರಿಕೆ, ಪಾಂಪ್ಲೆಟು ಮಾಡಿಕೊಡುವ ಡಿ.ಟಿ.ಪಿ. ಅಂಗಡಿ ಇಟ್ಟಿದ್ದ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವಳು ಸ್ಟೂಲಿನ ಮೇಲೆ ಕಾಲು ಚಾಚಿ ಕಂಪ್ಯೂಟರಿನ ಮುಂದೆ ಕೂಡುತ್ತಿದ್ದಳು. ಯಾರೋ ಬಿಟ್ಟುಹೋದ ಸಿ.ಡಿ. ಒಂದರಲ್ಲಿ ‘ಕೋಟೆ ಕಾಳಗ’ ಇತ್ತು. ನಲವತ್ತು ಹಂತ, ತೋಪು, ಕುದುರೆ, ಏಣಿ ಹತ್ತುವ ಶತ್ರುಗಳು. ಬೆಳಗಾವಿಯಿಂದ ಕೊಲ್ಹಾಪುರದವರೆಗೆ ಹುಡುಗರು ಆ ಆಟಕ್ಕೆ ಮುಗಿಬಿದ್ದಿದ್ದರು.

ನೀಲಾ ನಲವತ್ತೂ ಹಂತ ದಾಟಿದಳು, ಆದರೆ ಅವಳ ಕಣ್ಣು ಕಾಳಗದ ಮೇಲೆ ಇರುತ್ತಿರಲಿಲ್ಲ. ಕೋಟೆಯ ಒಳಗೆ, ಗೋಡೆಯ ಮೂಲೆಯಲ್ಲಿ, ಒಬ್ಬ ಹೆಂಗಸು ಬಾವಿಯಿಂದ ನೀರು ಸೇದುತ್ತಿದ್ದಳು. ತೋಪು ಸಿಡಿದಾಗ ಒಂದು ನಾಯಿ ಹೋಗಿ ಅವಳ ಹಿಂದೆ ಅಡಗುತ್ತಿತ್ತು. ಗೆಲ್ಲುವುದಕ್ಕೂ ಸೋಲುವುದಕ್ಕೂ ಅವರಿಂದ ಏನೂ ಆಗಬೇಕಾಗಿರಲಿಲ್ಲ. ಆದರೂ ಯಾರೋ ಕೂತು ಅವರನ್ನು ಬರೆದಿದ್ದರು. ಯುದ್ಧ ಬಿಟ್ಟು ಅವರನ್ನೇ ನೋಡುತ್ತ ಕೂತು ಎಷ್ಟೋ ಸಲ ಕೋಟೆ ಕಳೆದುಕೊಂಡಿದ್ದಳು.

ಕಾಲು ನೆಟ್ಟಗಾಗುವ ಹೊತ್ತಿಗೆ ಧೈರ್ಯ ಮಾಡಿ ಸಿ.ಡಿ. ಮೇಲಿನ ವಿಳಾಸಕ್ಕೆ ಒಂದು ಪತ್ರ ಹಾಕಿದ್ದಳು. ಬಾವಿಯ ಹೆಂಗಸನ್ನು ಹೊಗಳಿ, ಕೊನೆಗೆ ಇಪ್ಪತ್ತೇಳನೆಯ ಹಂತದಲ್ಲಿ ಕುದುರೆ ಗೋಡೆಯೊಳಗೆ ತಲೆ ತೂರಿಸಿ ನೀರು ಕುಡಿಯುತ್ತದೆ ಎಂದೂ ಬರೆದಿದ್ದಳು. ಉತ್ತರ ಬಂತು: ‘ಕುದುರೆ ನಾನು ಬರೆದದ್ದು, ಗೋಡೆ ತಮ್ಮ ಇಶ್ತಿಯಾಕನದು. ತಪ್ಪು ಗೋಡೆಯದೇ ಅಂತ ಅವನಿಗೆ ಹೇಳಿದ್ದೇನೆ. ಮರಿಯಮ.’ ಅಂದಿನಿಂದ ತಿಂಗಳಿಗೊಂದು ಪತ್ರ ನಡೆದೇ ಇತ್ತು. ಮುಖ ನೋಡಿರಲಿಲ್ಲ.

ರವಿವಾರ ರೈಲು ದೇಸೂರು ದಾಟುವವರೆಗೂ ಆಟ ಚೆನ್ನಾಗಿಲ್ಲದಿದ್ದರೆ ಏನು ಹೇಳುವುದು ಎಂದೇ ಯೋಚಿಸಿದಳು. ಚೆನ್ನಾಗಿದ್ದು, ಜನ ಒಪ್ಪದಿದ್ದರೆ ಎಂಬ ಚಿಂತೆ ಅದರ ಬೆನ್ನಿಗೇ ಬಂತು.

ಸ್ಟುಡಿಯೋ ಎಂದರೆ ಮರಿಯಮಳ ಅಪ್ಪ ಬುಡನಸಾಬರ ಹಂಚಿನ ಗೋದಾಮಿನ ಮೇಲಿನ ಒಂದು ಕೋಣೆ. ಎರಡು ಕಂಪ್ಯೂಟರು, ಒಂದು ಫ್ಯಾನು, ಗೋಡೆಯ ತುಂಬ ಮರಿಯಮಳ ಪೆನ್ಸಿಲ್ ಚಿತ್ರಗಳು. ಅಕ್ಕ ತಮ್ಮ ಇಬ್ಬರೂ ನೀಲಾಳನ್ನು ಬಹಳ ದಿನದ ನೆಂಟರಂತೆ ಕರೆದು ಕೂರಿಸಿದರು. ಕೋಟೆ ಕಾಳಗ ಮಾಡುವಾಗ ಆರು ಜನ ಇದ್ದರಂತೆ, ಈಗ ಇವರಿಬ್ಬರೇ. ಸಿ.ಡಿ.ಗಳನ್ನು ಊರೂರಿನ ಅಂಗಡಿಗೆ ಹಂಚುವ ಬೆಳಗಾವಿಯ ದುಂಡಪ್ಪ ಎರಡನೇ ಭಾಗ ಬೇಕೆಂದು ಪಟ್ಟು ಹಿಡಿದಿದ್ದರು. ತೋಪು ಇನ್ನೂ ದೊಡ್ಡದಿರಬೇಕಂತೆ.

“ಎರಡ ವರ್ಷ ಮಂದಿ ಸಾಯೂದನ್ನ ಬರದು ಬರದು ಸಾಕಾಗೇತ್ರಿ ಅಕ್ಕಾರ,” ಎಂದ ಇಶ್ತಿಯಾಕ. “ಹತ್ತ ನಿಮಿಷದ್ದು ಇರಲಿ, ನಮಗ ಬೇಕಾದದ್ದು ಒಂದ ಮಾಡೂಣು ಅಂತ ಮಾಡೀವಿ.”

ಪರದೆಯ ಮೇಲೆ ಒಂದು ಹಳ್ಳ ಬಂತು. ಸಂಜೆ, ಮೋಡ, ಈಚೆ ದಂಡೆಯಲ್ಲಿ ಕಂಬಳಿ ಹೊದ್ದ ಒಬ್ಬ ಹೆಂಗಸು ಮತ್ತು ಹನ್ನೆರಡು ಕುರಿಗಳು. ನೀರು ಏರುವುದರೊಳಗೆ ಅವುಗಳನ್ನು ಆಚೆ ದಾಟಿಸಬೇಕು. ಶತ್ರು ಇಲ್ಲ, ಅಂಕ ಇಲ್ಲ. ನೀರನ್ನು ಮರಿಯಮ ಹೇಗೆ ಬರೆದಿದ್ದಳೆಂದರೆ, ಕಲ್ಲಿಗೆ ಬಡಿದಲ್ಲಿ ಬೆಳ್ಳಗೆ, ಆಳವಿದ್ದಲ್ಲಿ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ನೀಲಾಳ ಎದೆ ತುಂಬಿ ಬಂತು. ಇಷ್ಟು ದೊಡ್ಡ ಹೆಸರು ಬಂದ ಮೇಲೂ ಅದನ್ನೇ ಇನ್ನೊಮ್ಮೆ ಮಾರದೆ, ಮೂಲೆಯಲ್ಲಿದ್ದ ಬಾವಿಯ ಹೆಂಗಸಿನಂಥವಳನ್ನು ನಡುವೆ ತಂದು ನಿಲ್ಲಿಸಿದ್ದರಲ್ಲ ಎನ್ನಿಸಿತು.

ಆಮೇಲೆ ಮೌಸ್ ಹಿಡಿದಳು. ಒತ್ತಿದರೆ ಹೆಂಗಸು ಹಿಂದಿನಿಂದ ಕೋಲು ಬೀಸಿ ಕೂಗುತ್ತಿದ್ದಳು, ಕುರಿಗಳು ದುಡುದುಡು ನೀರಿಗೆ ಇಳಿದು ಆಚೆ ಹೋಗುತ್ತಿದ್ದವು. ಮೂರನೆಯ ಕುರಿ ಇಳಿಯುವಾಗಲೇ ಅವಳಿಗೆ ಏನೋ ಕಸಿವಿಸಿಯಾಯಿತು. ಹದಿನೈದು ವರ್ಷದವಳಾಗುವವರೆಗೆ ಪಾರಿಶ್ವಾಡದಲ್ಲಿ ಸೋದರತ್ತೆ ಸಾತವ್ವನ ಕುರಿಗಳ ಹಿಂದೆ ತಿರುಗಿದವಳು ಅವಳು. ಹೀಗಲ್ಲ ಎಂದು ಮೈಗೆ ಗೊತ್ತಾಯಿತು. ಹೇಗೆ ಎಂದು ಬಾಯಿಗೆ ಬರಲಿಲ್ಲ. ಪರದೆಯ ಗಾಜಿನಲ್ಲಿ ಹಿಂದೆ ನಿಂತ ಇಶ್ತಿಯಾಕನ ಮುಖ ಕಾಣುತ್ತಿತ್ತು. ಎಂಟು ತಿಂಗಳ ನಿದ್ದೆಗೇಡು ಆ ಮುಖದಲ್ಲಿತ್ತು.

“ಹೆಂಗೈತ್ರಿ?”

“ಛಲೋ ಐತಿ.”

“ಖರೇನ?”

“ಖರೇ,” ಎಂದಳು ನೀಲಾ. ಇಶ್ತಿಯಾಕ ಉಸಿರು ಬಿಟ್ಟು ನಕ್ಕ. ಮರಿಯಮ ಮಾತ್ರ ಇನ್ನೂ ಒಂದು ಕ್ಷಣ ಅವಳನ್ನೇ ನೋಡಿದಳು.

ಹೊರಡುವಾಗ ತಾರೀಖು ತಿಳಿಯಿತು. ಫೆಬ್ರುವರಿ ಇಪ್ಪತ್ತು, ರವಿವಾರ, ಮಹಾಂತೇಶ ನಗರದ ಒಂದು ಕಂಪ್ಯೂಟರ್ ಕ್ಲಾಸಿನ ಹಾಲಿನಲ್ಲಿ ಆಟ ತೋರಿಸುವುದು. ದುಂಡಪ್ಪನವರೂ ಬರುತ್ತಾರೆ. ಇನ್ನು ಹದಿನಾಲ್ಕು ದಿನ.

ಆ ವಾರ ನೀಲಾಳಿಗೆ ಅನ್ನ ರುಚಿಸಲಿಲ್ಲ. ಫೈಲು ಕೇಳಲು ಬಂದವರು ಎರಡೆರಡು ಸಲ ಹೆಸರು ಹೇಳಬೇಕಾಯಿತು. ಹೇಳಿದರೆ ಅವರ ಮನಸ್ಸು ಮುರಿಯುತ್ತದೆ, ಹೇಳದಿದ್ದರೆ ಹಾಲಿನಲ್ಲಿ ಯಾರಾದರೂ ಕುರಿ ಕಾಯ್ದವರು ಎದ್ದು ನಕ್ಕುಬಿಟ್ಟರೆ? ಅದಕ್ಕಿಂತ ಹೆಚ್ಚಾಗಿ, ಅವರು ನಂಬಿ ಕರೆದದ್ದು ಅವಳೊಬ್ಬಳನ್ನೇ. ಕೋಟೆಯ ಕುದುರೆಯ ವಿಷಯ ಬರೆಯುವುದು ಸುಲಭವಿತ್ತು. ಆ ಆಟ ಆಗಲೇ ಜನರ ಕೈ ಸೇರಿತ್ತು. ಇದು ಇನ್ನೂ ಹಸಿಯಾಗಿತ್ತು. ಊಟ ಬಿಟ್ಟು ಏಳುತ್ತಿದ್ದ ತಂಗಿಯನ್ನು ನೋಡಿ ಮುತ್ತಪ್ಪ, ಆಟ ಅವರದು, ಚಿಂತೆ ಮಾತ್ರ ನಿನ್ನದು ಎಂದು ಗೊಣಗಿದ.

ಶುಕ್ರವಾರ ರಜೆ ಹಾಕಿ ಪಾರಿಶ್ವಾಡದ ಬಸ್ಸು ಹತ್ತಿದಳು.

ಸಾತವ್ವ ಊರ ಹೊರಗಿನ ಬೀಳುಭೂಮಿಯಲ್ಲಿ ಕುರಿ ಬಿಟ್ಟುಕೊಂಡು ಕುಳಿತಿದ್ದಳು. ಅರವತ್ತು ದಾಟಿದರೂ ನಲವತ್ತು ಕುರಿ ಅವಳ ಕೈಯಲ್ಲಿದ್ದವು. ನೀಲಾ ನೆಲದ ಮೇಲೆ ಕಡ್ಡಿಯಿಂದ ಹಳ್ಳ ಗೀರಿ, ಸಣ್ಣ ಕಲ್ಲುಗಳನ್ನು ಕುರಿ ಮಾಡಿ, ಆಟದಲ್ಲಿ ಏನಾಗುತ್ತದೆಂದು ತೋರಿಸಿದಳು. ಸಾತವ್ವ ಎಲೆ ಅಡಿಕೆ ಜಗಿಯುತ್ತ ಕೇಳಿಸಿಕೊಂಡಳು.

“ಹಿಂದಿಂದ ಹೊಡದ್ರ ಕುರಿ ಹೊಳ್ಳಿ ನಿನ್ನ ಮೈಮ್ಯಾಲೇ ಬರ್ತಾವು. ನೀರಿಗಿ ಇಳಿಯಂಗಿಲ್ಲ.”

“ಮತ್ತ ನೀ ಹೆಂಗ ದಾಟಸ್ತಿ ಅತ್ತಿ?”

“ಮರಿ ಎತ್ಕೊಂಡು ಮೊದಲ ನಾ ಇಳಿತೀನಿ. ಮರಿ ಒದರತೈತಿ. ಅದರ ತಾಯಿ ಬರತೈತಿ. ತಾಯಿ ಇಳದ್ರ ಉಳದಾವು ಬೆನ್ನ ಹತ್ತತಾವು. ನೀನೂ ಎಷ್ಟ ಸಲ ನನ್ನ ಹಿಂದ ದಾಟೀದಿ, ಮರತೇನು?”

ಮರೆತಿರಲಿಲ್ಲ. ಒದ್ದೆ ಉಣ್ಣೆಯ ವಾಸನೆಯ ಸಮೇತ ಎಲ್ಲ ನೆನಪಾಯಿತು. ಮರುದಿನ ಕುರಿಗಳನ್ನು ಮಗ ಮೈಲಾರಲಿಂಗನಿಗೆ ಒಪ್ಪಿಸಿ ಸಾತವ್ವ ಅವಳ ಜೊತೆ ಖಾನಾಪುರಕ್ಕೆ ಹೊರಟಳು. ಡಬ್ಬಿಯೊಳಗಿನ ಕುರಿ ನೋಡುವ ಕುತೂಹಲ ಅವಳಿಗೆ. ನೀಲಾ ಮಾತ್ರ ಬಸ್ಸಿನುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಳು.

ಹೇಳದೆ ಬಂದವರನ್ನು ಕಂಡು ಇಶ್ತಿಯಾಕ ಖುಷಿಯಾಗಿಯೇ ಕುರ್ಚಿ ಎಳೆದ. ನೀಲಾ ಕೂರಲಿಲ್ಲ. ನಿಂತೇ, ಗೋಡೆಯ ಕಡೆ ನೋಡುತ್ತ, ಕುರಿಗಳು ಹಾಗೆ ದಾಟುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು.

“ಆವತ್ತ ಕೇಳೀನಲ್ರಿ ಅಕ್ಕಾರ,” ಎಂದ ಇಶ್ತಿಯಾಕ. “ಖರೇನ ಅಂತ ಕೇಳೀನಿ. ಖರೇ ಅಂದ್ರಿ.”

“ಅಂಜಿದ್ನಿ.”

“ಯಾರಿಗಿ?”

“ನಿಮ್ಮ ಮಾರಿಗಿ. ಆವತ್ತ ಗಾಜಿನ್ಯಾಗ ಕಾಣತಿತ್ತು.”

ಅವನು ಅಕ್ಕನ ಕಡೆ ತಿರುಗಿದ. ಇನ್ನು ಎಂಟೇ ದಿನ ಉಳಿದಿವೆ, ಕುರಿ ನಡೆಯುವ ರೀತಿಯೇ ಇಡೀ ಆಟ, ಅದನ್ನು ಕಿತ್ತರೆ ಏನೂ ಉಳಿಯುವುದಿಲ್ಲ ಎಂದು ಅಕ್ಕನಿಗೆ ಹೇಳಿದ, ನೀಲಾಳಿಗಲ್ಲ. ಹೇಳಿ, ಚಪ್ಪಲಿ ಮೆಟ್ಟಿ ಕೆಳಗೆ ಇಳಿದು ಹೋದ. ಹಂಚಿನ ಸಾಲುಗಳ ನಡುವೆ ಅವನ ಹೆಜ್ಜೆ ಸಪ್ಪಳ ದೂರವಾಗುವುದು ಕೇಳಿಸಿತು.

ಸಾತವ್ವ ಅಷ್ಟರಲ್ಲಿ ಪರದೆಯ ಹತ್ತಿರ ಹೋಗಿ ಬಗ್ಗಿ ನೋಡುತ್ತಿದ್ದಳು. ನೀರು ಖರೇ ಐತಿ, ಹೊಸ ಮಳಿ ನೀರು ಹಿಂಗ ಕೆಂಪಗ ಬರತೈತಿ ಎಂದಳು. ಮರಿಯಮ ಕುರ್ಚಿ ಜರುಗಿಸಿ ಅವಳ ಬಾಜೂ ಕುಳಿತು, ಮರಿಯನ್ನು ಹೇಗೆ ಹಿಡಿಯುತ್ತೀರಿ ಎಂದು ಕೇಳಿದಳು. ಸಾತವ್ವ ಮರಿಯಮ ಹೊದ್ದಿದ್ದ ಓಢಣಿಯನ್ನೇ ಇಸಿದುಕೊಂಡು ಮುದ್ದೆ ಮಾಡಿ ಎದೆಗೆ ಅಪ್ಪಿದಳು. ಮುಂಗಾಲು ಎರಡೂ ಒಂದು ಕೈಯಲ್ಲಿ, ಮರಿಯ ಮುಖ ಹೆಗಲ ಮೇಲಿಂದ ಹಿಂದಕ್ಕೆ.

“ತಾಯಿಗಿ ಮರಿ ಮಾರಿ ಕಾಣಬೇಕು. ನೀ ಬಿರಬಿರ ಹೋದಿ ಅಂದ್ರ ಆಕಿ ಕಂಗಾಲಾಗಿ ಹೊಳ್ಳತಾಳು. ಮೊಳಕಾಲ ಮಟ ನೀರು ಬಂತಂದ್ರ ನಿಂದರಬೇಕು. ಹಿಂದ ನೋಡಬೇಕು. ಆಕಿ ಒಂದ ಹೆಜ್ಜಿ ಇಟ್ಟಳಂದ್ರ ನೀ ಒಂದ ಹೆಜ್ಜಿ.”

ಮರಿಯಮಳ ಪೆನ್ಸಿಲ್ ಓಡುತ್ತಲೇ ಇತ್ತು. ಒಂದು ಕಾಗದ ಮುಗಿದು ಇನ್ನೊಂದಕ್ಕೆ ಬಂದಿದ್ದಳು. ನೀರು ಏರುತ್ತಿರುವಾಗ ನಿಲ್ಲುವುದಕ್ಕೆ ಹೆದರಿಕೆ ಆಗುವುದಿಲ್ಲವೇ ಎಂದು ಕೇಳಿದಳು. ಆಗುತ್ತದೆ, ಆದರೆ ಓಡಿದರೆ ನೀನೊಬ್ಬಳೇ ದಾಟುತ್ತಿ ಎಂದಳು ಸಾತವ್ವ.

ಬಸ್ ಸ್ಟ್ಯಾಂಡಿನವರೆಗೆ ಮರಿಯಮ ಬಂದಳು. ತಮ್ಮ ಇದನ್ನು ಮಾಡುತ್ತಾನೋ ಇಲ್ಲವೋ ತನಗೂ ಗೊತ್ತಿಲ್ಲ ಎಂದಷ್ಟೇ ಹೇಳಿದಳು.

ಎಂಟು ದಿನ ಏನೂ ಸುದ್ದಿ ಇಲ್ಲ. ಅಂಚೆಯವನನ್ನು ಕಂಡರೆ ನೀಲಾ ತಾನೇ ಎದುರು ಹೋಗಿ ಕೇಳುತ್ತಿದ್ದಳು. ಬುಧವಾರ ಎಸ್.ಟಿ.ಡಿ. ಬೂತಿಗೆ ಹೋಗಿ ಫೋನು ಹಚ್ಚಿದಳು. ಬುಡನಸಾಬರು ಎತ್ತಿ, ಮಕ್ಕಳಿಬ್ಬರೂ ಮೇಲೆಯೇ ಇದ್ದಾರೆ, ಊಟಕ್ಕೂ ಇಳಿಯುವುದಿಲ್ಲ, ಒಬ್ಬರ ಜೊತೆ ಒಬ್ಬರು ಮಾತಾಡುವುದೂ ಇಲ್ಲ, ಕರೆಯಲೇನು ಎಂದರು. ಬೇಡ ಎಂದು ಇಟ್ಟುಬಿಟ್ಟಳು. ಮಾತಾಡುವುದಿಲ್ಲ ಎಂದರೆ ಜಗಳವೋ, ಕೆಲಸವೋ? ತನ್ನ ಒಂದು ಮಾತಿನಿಂದ ಅಕ್ಕ ತಮ್ಮ ಬೇರೆಯಾದರೆ ಏನು ಗತಿ ಎಂದುಕೊಂಡು ಆಸ್ಪತ್ರೆಗೆ ನಡೆದಳು.

ಇಪ್ಪತ್ತನೆಯ ತಾರೀಖು ಹಾಲಿನಲ್ಲಿ ಮೂವತ್ತು ಮೂವತ್ತೈದು ಜನ ಸೇರಿದ್ದರು. ಹೆಚ್ಚಿನವರು ಕಾಲೇಜು ಹುಡುಗರು, ಕೋಟೆ ಕಾಳಗದ ಅಭಿಮಾನಿಗಳು. ಎರಡನೇ ಭಾಗವೇ ಬರುತ್ತದೆಂದು ನಂಬಿ ಬಂದಿದ್ದರು. ಮೊದಲ ಸಾಲಿನಲ್ಲಿ ದುಂಡಪ್ಪ ಕೈಕಟ್ಟಿ ಕುಳಿತಿದ್ದರು. ಕಂಪ್ಯೂಟರಿಗೆ ವೈರು ಕಟ್ಟಿದ ಒಂದು ದೊಡ್ಡ ಟಿ.ವಿ. ಮೇಜಿನ ಮೇಲಿತ್ತು. ಇಶ್ತಿಯಾಕ ನೀಲಾಳ ಕಡೆ ನೋಡಲಿಲ್ಲ. ಮರಿಯಮಳ ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು. ನೀಲಾ ಬಾಗಿಲಿನ ಹತ್ತಿರದ ಕುರ್ಚಿ ಹಿಡಿದಳು.

ಟಿ.ವಿ.ಯ ಮೇಲೆ ಹಳ್ಳ ಬರುತ್ತಲೇ ಗುಸುಗುಸು ಸುರುವಾಯಿತು. ಕೋಟೆ ಎಲ್ಲಿ ಎಂದು ಒಬ್ಬ ಕೇಳಿದ. ಒಂದು ನಿಮಿಷಕ್ಕೆ ಕಂಪ್ಯೂಟರು ಹ್ಯಾಂಗ್ ಆಯಿತು. ಇಶ್ತಿಯಾಕ ಬಂದ್ ಮಾಡಿ ಮತ್ತೆ ಚಾಲೂ ಮಾಡುವಷ್ಟರಲ್ಲಿ ಹಿಂದಿನ ಸಾಲಿನ ನಾಲ್ಕೈದು ಜನ ಎದ್ದು ಹೋದರು.

ಮತ್ತೆ ಹಳ್ಳ ಬಂದಾಗ ಅವಳು ನೋಡಿದಳು. ಹನ್ನೆರಡು ಕುರಿಗಳ ನಡುವೆ ಒಂದು ಮರಿ ಇತ್ತು. ಹೆಂಗಸಿನ ಕೈಯಲ್ಲಿ ಕೋಲು ಇರಲಿಲ್ಲ.

ಯಾರಾದರೂ ಬಂದು ಆಡಿರಿ ಎಂದು ಇಶ್ತಿಯಾಕ ಕರೆದ. ಯಾರೂ ಏಳಲಿಲ್ಲ. ಇನ್ನೊಮ್ಮೆ ಕರೆದ. ದುಂಡಪ್ಪ ಗಡಿಯಾರ ನೋಡಿದರು. ನಾಲ್ಕು ಜನರ ಎದುರು ಹೆಸರು ಹೇಳಲೂ ತಡವರಿಸುವ ನೀಲಾ ಅದು ಹೇಗೆ ಎದ್ದಳೋ, ಮೇಜಿನವರೆಗೆ ಹೋದಳು.

ಮೊದಲ ಸಲವೇ ಕೆಡಿಸಿದಳು. ಮರಿಯನ್ನು ಎತ್ತಿಕೊಂಡು ಅವಸರದಲ್ಲಿ ನಡುನೀರಿಗೆ ಹೋಗಿಬಿಟ್ಟಳು. ತಾಯಿಕುರಿ ದಂಡೆಯ ಮೇಲೆ ಅತ್ತಿತ್ತ ಓಡಾಡಿ, ಒದರಿ, ಹಿಂದಕ್ಕೆ ಹೊಳ್ಳಿತು. ಅದರ ಹಿಂದೆ ಉಳಿದ ಕುರಿಗಳೂ ಗುಡ್ಡದ ಕಡೆ ಓಡಿದವು. ನೀರು ಏರಿತು. ಹೆಂಗಸು ಆಚೆ ದಂಡೆಯ ಮೇಲೆ ಮರಿ ಹಿಡಿದು ಒಬ್ಬಳೇ ನಿಂತಳು. ಯಾರೋ ನಕ್ಕರು. ಆದರೂ ಅವಳು ಮೊದಲಿಂದ ಸುರು ಮಾಡಿದಳು.

ಈ ಸಲ ಮೊಳಕಾಲ ನೀರಿನಲ್ಲಿ ನಿಂತಳು. ಏರುವ ನೀರನ್ನು ನೋಡುತ್ತ ಸುಮ್ಮನೆ ನಿಲ್ಲುವುದು ತೋಪಿನೆದುರು ನಿಂತದ್ದಕ್ಕಿಂತ ಕಷ್ಟವಾಗಿತ್ತು. ಬೆರಳು ಒತ್ತು ಒತ್ತು ಎನ್ನುತ್ತಿತ್ತು. ಮರಿ ಒದರಿತು. ತಾಯಿ ಒಂದು ಕಾಲು ನೀರಿಗಿಟ್ಟು ಹಿಂದೆಗೆಯಿತು. ಹಾಲಿನಲ್ಲಿ ಗುಸುಗುಸು ನಿಂತಿತ್ತು.

“ಹೋಗಬ್ಯಾಡ್ರಿ, ಇನ್ನೂ ಬರವಲ್ದು,” ಎಂದಿತು ಹಿಂದಿನಿಂದ ಒಂದು ದನಿ. ಕೋಟೆ ಎಲ್ಲಿ ಎಂದು ಕೇಳಿದವನದೇ.

ತಾಯಿಕುರಿ ಇಳಿಯಿತು. ನೀಲಾ ಒಂದು ಹೆಜ್ಜೆ ಇಟ್ಟಳು, ನಿಂತಳು, ಇನ್ನೊಂದು ಇಟ್ಟಳು. ಎರಡನೆಯ ಕುರಿ, ಮೂರನೆಯದು. ಈಗ ಮೂರು ನಾಲ್ಕು ಜನ ಮೇಜಿನ ಸುತ್ತ ಬಂದು ಎಡಕ್ಕೆ ಆಳ ಐತಿ, ಕಲ್ಲಿನ ಮ್ಯಾಲ ಹೋಗ್ರಿ ಎಂದು ಹೇಳಿಕೊಡುತ್ತಿದ್ದರು. ಕೊನೆಗೆ ಹತ್ತು ದಾಟಿದವು. ಎರಡು ಈಚೆ ದಂಡೆಯಲ್ಲೇ ಉಳಿದವು, ಮಳೆ ಸುರಿಯಿತು. ಮೇಜಿನ ಪಕ್ಕದ ಹುಡುಗ ನಾ ಎಲ್ಲಾನೂ ದಾಟಸ್ತೀನಿ ಎಂದು ಕುರ್ಚಿಗೆ ಕೈ ಹಾಕಿದ.

ಎಲ್ಲರೂ ಹೀಗೆ ಒಲಿಯಲಿಲ್ಲ. ಅರ್ಧ ಹಾಲು ಆಗಲೇ ಖಾಲಿಯಾಗಿತ್ತು. ದುಂಡಪ್ಪ ಎದ್ದು, ಆಟ ಚೆನ್ನಾಗಿದೆ, ಆದರೆ ನನ್ನ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ, ಕೋಟೆ ಮಾಡಿದ ದಿನ ಬರ್ರಿ ಎಂದು ನೇರವಾಗಿಯೇ ಹೇಳಿ ಹೋದರು. ಆ ವರ್ಷ ಆಟವನ್ನು ಅಕ್ಕ ತಮ್ಮ ತಾವೇ ಮಾರಬೇಕಾಯಿತು. ಗೊಣಗುತ್ತಲೇ ಸಿ.ಡಿ.ಯ ಹೊದಿಕೆ ಅಚ್ಚು ಮಾಡಿಕೊಟ್ಟವನು ಮುತ್ತಪ್ಪ. ಕೆಲವರು ಇದರಲ್ಲಿ ಕಾದಾಟವೇ ಇಲ್ಲ ಎಂದು ಸಿ.ಡಿ. ಮರಳಿಸಿದರು. ಬೈಲಹೊಂಗಲದ ಒಬ್ಬ ಮಾಸ್ತರರು ಸಾಲಿಯ ಮಕ್ಕಳೆಲ್ಲ ಸರತಿ ಹಚ್ಚಿ ಆಡುತ್ತಾರೆ ಎಂದು ಬರೆದರು. ಕೋಟೆ ಕಾಳಗಕ್ಕೆ ಬಂದಷ್ಟು ಹೆಸರು ಅದಕ್ಕೆ ಬರಲಿಲ್ಲ, ಆದರೆ ಸ್ಟುಡಿಯೋ ಮುಚ್ಚಲಿಲ್ಲ.

ಅವತ್ತು ಸಂಜೆ ಇದ್ಯಾವುದೂ ಅವರಿಗೆ ಗೊತ್ತಿರಲಿಲ್ಲ. ಜನ ಹೋದ ಮೇಲೆ ಮೂವರೂ ಖಾಲಿ ಕುರ್ಚಿಗಳ ನಡುವೆ ಚಹಾ ಹಿಡಿದು ಕುಳಿತರು. ದುಂಡಪ್ಪನವರ ಮಾತಿನ ಭಾರ ಎಲ್ಲರ ಮೇಲೂ ಇತ್ತು. ಇಶ್ತಿಯಾಕ ಕಪ್ಪು ಕೆಳಗಿಟ್ಟು ನೀಲಾಳ ಕಡೆ ತಿರುಗಿದ.

“ಆವತ್ತ ಕೆಳಗ ಇಳದು ಹೋದ್ನಲ್ರಿ, ಸಿಟ್ಟಿಗಲ್ಲ,” ಎಂದ. “ನೀವು ಹೇಳಿದ್ದು ಖರೇ ಅಂತ ತಿಳೀತು. ಎಂಟ ದಿನದಾಗ ಆಗತೈತೋ ಇಲ್ಲೋ ಅಂತ ನಂಗ ಅಂಜಿಕಿ ಆತು.”

ನೀಲಾ, ಇನ್ನು ಮುಂದೆ ಮೊದಲ ದಿನವೇ ಹೇಳುತ್ತೇನೆ ಎಂದಳು. ಹೇಳುವಾಗಲೂ ದನಿ ಗಟ್ಟಿ ಬರಲಿಲ್ಲ. ಮರಿಯಮ ನಕ್ಕು, ಉಳಿದಿದ್ದ ಚಹಾವನ್ನು ಅವಳ ಕಪ್ಪಿಗೆ ಬಗ್ಗಿಸಿದಳು. ಆಮೇಲೆ ಆ ಭಾರವಾದ ಟಿ.ವಿ.ಯನ್ನು ಮೂವರೂ ಸೇರಿ ಎತ್ತಿ, ಒಂದೊಂದೇ ಮೆಟ್ಟಿಲು ನೋಡಿಕೊಳ್ಳುತ್ತ, ಆಟೋ ನಿಂತಿದ್ದ ರಸ್ತೆಗೆ ಇಳಿಸಿದರು.